‘ಸ್ಪಿನ್’ ಪದದ ಮುಂದೆ ತಡವರಿಸಿದ ನಿಘಂಟು: ಒಂದು ಆ್ಯಪ್‌ನ ವಿಮರ್ಶೆ

ಪತ್ರಿಕಾ ಹೇಳಿಕೆ, ವಾರ್ಷಿಕ ವರದಿ, ಜಾಹೀರಾತಿನ ಒಕ್ಕಣೆ ಇಂಥವುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ನಿತ್ಯದ ಕೆಲಸವಾದ್ದರಿಂದ, ನಿಘಂಟುಗಳ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ ಗಿರಾಕಿ. ಒಂದು ವರ್ಷದಿಂದ ಚಂದಾ ಕಟ್ಟಿ ಬಳಸುತ್ತಿರುವ ಇಂಗ್ಲಿಷ್–ಕನ್ನಡ ನಿಘಂಟು ಆ್ಯಪ್ ಒಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅದರ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಮುಂದೆ ಹೇಳಲಿರುವ ದೋಷಗಳು ಅದೊಂದರವೇ ಅಲ್ಲ. ಚಂದಾ ನವೀಕರಿಸುವ ದಿನ ಹತ್ತಿರ ಬಂದಾಗ, ನಿತ್ಯ ನನ್ನನ್ನು ಕಾಡುವ ಒಂದೇ ಒಂದು ಪದದ ಮೇಲೆ ಅದನ್ನು ಒರೆಗೆ ಹಚ್ಚಿ ನೋಡೋಣ ಎನ್ನಿಸಿತು. ನಾಯಿ, ನದಿ, ಮೇಜು ಇವುಗಳಿಗೆ ಸರಿಯಾದ ಅರ್ಥ ಕೊಡುವ ನಿಘಂಟಿಗೆ ಅದಕ್ಕಾಗಿ ಯಾರೂ ಹಣ ಕೊಡಬೇಕಾಗಿಲ್ಲ.

ಆ ಪದ ‘ಸ್ಪಿನ್’. ಬೌಲರ್ ಹಾಕುವ ಸ್ಪಿನ್ ಅಲ್ಲ. ಸುದ್ದಿಗೆ, ಹೇಳಿಕೆಗೆ, ಅಂಕಿಅಂಶಕ್ಕೆ ಕೊಡುವ ಸ್ಪಿನ್. ಆ್ಯಪ್‌ನಲ್ಲಿ ಹುಡುಕಿದರೆ ಮೊದಲು ‘ತಿರುಗು, ಸುತ್ತು, ನೂಲು’ ಎಂಬ ಅರ್ಥಗಳು ಬರುತ್ತವೆ. ಬೆರಳಿನಿಂದ ಮೂರು ಸಲ ಮೇಲಕ್ಕೆ ಸರಿಸಿದ ನಂತರ, ‘ಆಡುಮಾತು’ ಎಂಬ ಬೂದುಬಣ್ಣದ ಪಟ್ಟಿಯ ಕೆಳಗೆ ‘ತಿರುಚುವಿಕೆ, ಸುಳ್ಳು ಪ್ರಚಾರ’ ಎಂದಿದೆ. ವಾಕ್ಯಗಳನ್ನು ಅನುವಾದಿಸುವ ಪ್ರತ್ಯೇಕ ಸೌಲಭ್ಯವೂ ಇರುವುದರಿಂದ, ಮಂತ್ರಿಯೊಬ್ಬರು ಕಳಪೆ ಫಲಿತಾಂಶಕ್ಕೆ ‘ಪಾಸಿಟಿವ್ ಸ್ಪಿನ್’ ಕೊಟ್ಟರು ಎಂಬರ್ಥದ ಸಾಮಾನ್ಯ ಇಂಗ್ಲಿಷ್ ವಾಕ್ಯವೊಂದನ್ನು ಅಲ್ಲಿ ಹಾಕಿದೆ. ಬಂದ ಉತ್ತರವನ್ನು ಇದ್ದ ಹಾಗೆಯೇ ಕೊಡುತ್ತೇನೆ: ‘ಮಂತ್ರಿಯು ಕಳಪೆ ಫಲಿತಾಂಶಗಳ ಮೇಲೆ ಧನಾತ್ಮಕ ತಿರುಗುವಿಕೆಯನ್ನು ಹಾಕಿದರು.’ ಓದಿದವರಿಗೆ ಮಂತ್ರಿಗಳು ಅಂಕಪಟ್ಟಿಯ ಮೇಲೆ ಬುಗುರಿ ಆಡಿಸುತ್ತಿರುವ ದೃಶ್ಯ ಕಣ್ಣಮುಂದೆ ಬಂದರೆ ಅದು ಅವರ ತಪ್ಪಲ್ಲ.

ವಾಕ್ಯಾನುವಾದದ ನಗೆಪಾಟಲನ್ನು ಬದಿಗಿಟ್ಟರೂ, ನಿಘಂಟಿನ ನಮೂದಿನಲ್ಲಿರುವ ‘ಸುಳ್ಳು ಪ್ರಚಾರ’ ಎಂಬ ಅರ್ಥ ನನಗೆ ಹೆಚ್ಚು ತೊಂದರೆ ಕೊಟ್ಟಿತು, ಏಕೆಂದರೆ ಅದು ನಗು ಬರಿಸುವಷ್ಟು ತಪ್ಪಲ್ಲ. ನಂಬಿಕೆ ಹುಟ್ಟಿಸುವಷ್ಟು ಸರಿಯಾಗಿ ಕಾಣುವ ತಪ್ಪು. ಸ್ಪಿನ್ ಎಂಬುದರ ಜೀವಾಳ ಇರುವುದೇ ಅದು ಬಹುಪಾಲು ಸುಳ್ಳಲ್ಲ ಎಂಬುದರಲ್ಲಿ. ಒಂದು ಕಂಪನಿಯ ನಷ್ಟ ಈ ವರ್ಷ ಹೋದ ವರ್ಷಕ್ಕಿಂತ ಕಡಿಮೆಯಾಗಿದೆ ಎಂದುಕೊಳ್ಳಿ. ಕಂಪನಿಯ ಪತ್ರಿಕಾ ಹೇಳಿಕೆ ‘ಚೇತರಿಕೆಯ ಹಾದಿಯಲ್ಲಿ ದೃಢ ಹೆಜ್ಜೆ’ ಎನ್ನುತ್ತದೆ; ಪ್ರತಿಸ್ಪರ್ಧಿಯ ಕಡೆಯವರು ‘ಸತತ ಎರಡನೆಯ ವರ್ಷವೂ ನಷ್ಟ’ ಎನ್ನುತ್ತಾರೆ. ಇಬ್ಬರ ಕೈಯಲ್ಲಿರುವುದು ಒಂದೇ ಲೆಕ್ಕಪತ್ರ, ಇಬ್ಬರೂ ಒಂದು ಅಂಕಿಯನ್ನೂ ಬದಲಿಸಿಲ್ಲ. ಬೆಲೆಯೇರಿಕೆಯ ವೇಗ ತಗ್ಗಿದೆ ಎನ್ನುವವರು ಮತ್ತು ಬೆಲೆ ಇನ್ನೂ ಏರುತ್ತಲೇ ಇದೆ ಎನ್ನುವವರು ಕೂಡ ಇಂಥವರೇ. ಯಾವುದನ್ನು ಮೊದಲ ಸಾಲಿಗೆ ತರಬೇಕು, ಯಾವುದನ್ನು ಕೊನೆಯ ಪುಟದ ಅಡಿಟಿಪ್ಪಣಿಗೆ ತಳ್ಳಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟರೆ ಚೆನ್ನಾಗಿ ಕಾಣುತ್ತದೆ ಎಂಬ ಜೋಡಣೆಯೇ ಸ್ಪಿನ್. ಇದನ್ನು ‘ಸುಳ್ಳು’ ಎಂದು ಅನುವಾದಿಸಿದರೆ, ಮೂಲದಲ್ಲಿ ಇಲ್ಲದ ಆರೋಪವೊಂದನ್ನು ಅನುವಾದಕ ತಾನೇ ಹೊರಿಸಿದಂತಾಗುತ್ತದೆ. ಪತ್ರಿಕೆಯ ಕೆಲಸದಲ್ಲಿ ಅದು ಮಾನನಷ್ಟದ ನೋಟಿಸಿಗೂ ದಾರಿ ಮಾಡಿಕೊಡಬಹುದು.

ಹಾಗಾದರೆ ನಿಘಂಟು ಏನನ್ನು ಕೊಡಬೇಕಿತ್ತು ಎಂದು ಕೇಳಬಹುದು. ಕನ್ನಡದಲ್ಲಿ ಈ ಸುತ್ತಿನ ಮಾತುಗಳಿಗೆ ಬರವಿಲ್ಲ, ಆದರೆ ಒಂದೊಂದೂ ಬೇರೆ ಬೇರೆ ಕಡೆಗೆ ಕೈ ತೋರಿಸುತ್ತದೆ. ‘ಉಪ್ಪು ಖಾರ ಹಚ್ಚಿ ಹೇಳುವುದು’ ಎಂದರೆ ಇಲ್ಲದ್ದನ್ನು ಸೇರಿಸುವುದು. ಸ್ಪಿನ್‌ನಲ್ಲಿ ಸೇರಿಸುವುದಕ್ಕಿಂತ ಬಿಡುವುದೇ ಹೆಚ್ಚು. ‘ಬಣ್ಣ ಕಟ್ಟಿ ಹೇಳುವುದು’ ಹತ್ತಿರ ಬರುತ್ತದೆಯಾದರೂ ಅದರಲ್ಲಿ ವರ್ಣನೆಯ ಅತಿಶಯ ಇದೆ, ಆದರೆ ಚೆನ್ನಾಗಿ ಮಾಡಿದ ಸ್ಪಿನ್ ಸಪ್ಪೆಯಾಗಿ, ಕಚೇರಿಯ ಭಾಷೆಯಲ್ಲಿ ಇರುತ್ತದೆ. ‘ತೇಪೆ ಹಚ್ಚುವುದು’ ಎಂದರೆ ಹರಿದ ಮೇಲೆ ಮಾಡುವ ಕೆಲಸ. ಸ್ಪಿನ್ ಹರಿಯುವ ಮುಂಚೆಯೇ ಸಿದ್ಧವಾಗಿರಬಲ್ಲದು. ‘ಸಮಜಾಯಿಷಿ’ಯನ್ನು ಯಾರಾದರೂ ಕೇಳಿದ ಮೇಲೆ ಕೊಡುತ್ತೇವೆ, ಇದನ್ನು ಕೇಳುವ ಮೊದಲೇ ಕೊಡುತ್ತಾರೆ. ‘ಅಶ್ವತ್ಥಾಮ ಸತ್ತ’ ಎಂದು ಗಟ್ಟಿಯಾಗಿ ಹೇಳಿ ‘ಆನೆ’ ಎಂಬುದನ್ನು ಮೆಲ್ಲಗೆ ಹೇಳಿದ ಧರ್ಮರಾಯನ ಮಾತನ್ನು ಕೆಲವರು ಇದಕ್ಕೆ ಉದಾಹರಣೆಯಾಗಿ ಕೊಡುವುದುಂಟು. ನನ್ನ ಮಟ್ಟಿಗೆ ಅದು ಸರಿಹೊಂದುವುದಿಲ್ಲ: ದ್ರೋಣ ನಂಬಿದ್ದು ನಡೆಯದೇ ಇದ್ದ ಒಂದು ಸಾವನ್ನು. ಸ್ಪಿನ್‌ಗೆ ಒಳಗಾದ ಓದುಗ ನಂಬುವುದು ನಡೆದ ಸಂಗತಿಯನ್ನೇ. ಆದರೆ ಅದರ ತೂಕವನ್ನು ಬೇರೆಯವರು ಅವನ ಪರವಾಗಿ ಮೊದಲೇ ತೂಗಿಟ್ಟಿರುತ್ತಾರೆ. ನಾನು ನನ್ನ ಅನುವಾದಗಳಲ್ಲಿ ‘ತಮ್ಮ ಕಡೆಗೆ ವಾಲಿಸಿ ಹೇಳುವುದು’ ಎಂದು ಬಳಸುತ್ತ ಬಂದಿದ್ದೇನೆ. ತಕ್ಕಡಿಯ ಕೋಲಿಗೆ ಕಿರುಬೆರಳು ತಾಗಿಸುವ ಚಿತ್ರ ಅದರಲ್ಲಿದೆ. ಮೇಲಿನ ವಾಕ್ಯವನ್ನು ‘ಫಲಿತಾಂಶ ಕಳಪೆಯಾಗಿದ್ದರೂ ಮಂತ್ರಿಗಳು ಅದರಲ್ಲಿನ ಒಳ್ಳೆಯ ಅಂಶಗಳನ್ನೇ ಮುಂದೆ ಮಾಡಿ ಮಾತಾಡಿದರು’ ಎಂದು ಬರೆದರೆ ಪದಕ್ಕೆ ಪದ ಇಲ್ಲದಿದ್ದರೂ ಮಾತಿಗೆ ಮಾತು ಸಿಗುತ್ತದೆ. ಇಂಥ ಒಂದು ಉದಾಹರಣೆ ವಾಕ್ಯವನ್ನು ನಮೂದಿನ ಕೆಳಗೆ ಕೊಟ್ಟಿದ್ದರೆ ಸಾಕಿತ್ತು.

ಆ್ಯಪ್‌ನಲ್ಲಿ ‘ಪದದ ಹಿನ್ನೆಲೆ’ ಎಂಬ ಗುಂಡಿಯಿದೆ, ಚಂದಾದಾರರಿಗೆ ಮಾತ್ರ ತೆರೆಯುವಂಥದ್ದು. ಅದನ್ನು ಒತ್ತಿದರೆ ಹಳೆಯ ಇಂಗ್ಲಿಷಿನಲ್ಲಿ ಇದು ನೂಲು ತೆಗೆಯುವ ಕೆಲಸದ ಪದವಾಗಿತ್ತು ಎಂಬ ಒಂದು ಸಾಲು ಬರುತ್ತದೆ, ಅಷ್ಟೆ. ಮಾತು ನಿಜ. ಕತೆ ಹೇಳುವುದನ್ನು ನಾವು ಹೆಣೆಯುವ, ಕಟ್ಟುವ ಕೆಲಸಕ್ಕೆ ಹೋಲಿಸಿದ ಹಾಗೆ ಇಂಗ್ಲಿಷಿನವರು ಉದ್ದನೆಯ ಕತೆ ಹೊಸೆಯುವುದನ್ನು ನೂಲುವುದಕ್ಕೆ ಹೋಲಿಸಿದ್ದಾರೆ. ಆದರೆ ನಮಗೆ ಬೇಕಾದ ಅರ್ಥವನ್ನು ಚೆಂಡಿನ ಆಟಗಳಿಂದ ಬಂದ ರೂಪಕವೆಂದೇ ಸಾಮಾನ್ಯವಾಗಿ ವಿವರಿಸುತ್ತಾರೆ: ಕೈಯಿಂದ ಬಿಡುವಾಗ ಚೆಂಡಿಗೆ ಕೊಟ್ಟ ಸುತ್ತು, ಅದು ನೆಲಕ್ಕೆ ಬಿದ್ದ ಮೇಲೆ ಯಾವ ಕಡೆಗೆ ಹೊರಳಬೇಕೆಂಬುದನ್ನು ನಿರ್ಧರಿಸುತ್ತದೆ. ಹೇಳಿಕೆಯೂ ಹಾಗೆಯೇ, ಬಿಡುವಾಗ ನೇರವಾಗಿ ಕಾಣುತ್ತದೆ, ಓದುಗನ ಮನಸ್ಸಿನಲ್ಲಿ ಬಿದ್ದ ಮೇಲೆ ಹೊರಳುತ್ತದೆ. ಕ್ರಿಕೆಟ್ ನೋಡಿ ಬೆಳೆದ ಕನ್ನಡ ಓದುಗರಿಗೆ ಇದನ್ನು ಎರಡು ಸಾಲಿನಲ್ಲಿ ತಿಳಿಸಿಬಿಡಬಹುದಾಗಿತ್ತು.

ಈ ಅರ್ಥ 1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ರಾಜಕೀಯ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ‘ಸ್ಪಿನ್ ಡಾಕ್ಟರ್’ ಎಂಬ ಜೋಡುಪದ ಜನಪ್ರಿಯವಾದದ್ದಕ್ಕೆ ಒಂದು ದಿನಾಂಕವನ್ನೇ ಕೊಡಬಹುದು. ಅಧ್ಯಕ್ಷ ಸ್ಥಾನದ ಸ್ಪರ್ಧಿಗಳಾಗಿದ್ದ ರೊನಾಲ್ಡ್ ರೇಗನ್ ಮತ್ತು ವಾಲ್ಟರ್ ಮಾಂಡೇಲ್ ನಡುವಿನ ಎರಡನೆಯ ಚರ್ಚೆ 1984ರ ಅಕ್ಟೋಬರ್ 21ರಂದು ಕಾನ್ಸಸ್ ಸಿಟಿಯಲ್ಲಿ ನಡೆಯಿತು. ಅದೇ ದಿನದ ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕೀಯ, ಚರ್ಚೆ ಮುಗಿದ ಕೂಡಲೇ ಎರಡೂ ಕಡೆಯ ಹಿರಿಯ ಸಲಹೆಗಾರರು ಪತ್ರಕರ್ತರ ನಡುವೆ ಓಡಾಡುತ್ತ ತಮ್ಮವರೇ ಗೆದ್ದರೆಂದು ಆತ್ಮವಿಶ್ವಾಸದಿಂದ ಹೇಳಲಿದ್ದಾರೆ ಎಂದು ಮುಂಚಿತವಾಗಿಯೇ ಬರೆದು, ಅವರಿಗೆ ಈ ಹೆಸರನ್ನು ಕೊಟ್ಟಿತು. ಚರ್ಚೆ ಆರಂಭವಾಗುವ ಮೊದಲೇ ಅದರ ನಂತರದ ವ್ಯಾಖ್ಯಾನ ಹೇಗಿರುತ್ತದೆಂದು ಬರೆಯಲು ಸಾಧ್ಯವಾದದ್ದರಲ್ಲಿಯೇ ಪದದ ಅರ್ಥ ಪೂರ್ತಿಯಾಗಿ ಅಡಗಿದೆ. ಇಂದು ಅಲ್ಲಿ ಇಂಥ ಓಡಾಟಕ್ಕಾಗಿಯೇ ಕೋಣೆಯೊಂದನ್ನು ಮೀಸಲಿಡುತ್ತಾರೆ, ಅದನ್ನು ‘ಸ್ಪಿನ್ ರೂಮ್’ ಎಂದು ಯಾವ ಸಂಕೋಚವೂ ಇಲ್ಲದೆ ಕರೆಯುತ್ತಾರೆ. ಇದ್ಯಾವುದೂ ಆ್ಯಪ್‌ನ ಹಿನ್ನೆಲೆಯ ಗುಂಡಿಯ ಹಿಂದೆ ಇರಲಿಲ್ಲ.

ಅಲ್ಲಿ ‘ಸ್ಪಿನ್ ಡಾಕ್ಟರ್’ ಎಂದು ಹುಡುಕಿದಾಗ ‘ತಿರುಗುವ ವೈದ್ಯ’ ಎಂದು ಬಂತು. ಊರೂರು ತಿರುಗಿ ಮದ್ದು ಕೊಡುವವರ ನೆನಪಾಯಿತು. ಇಂಗ್ಲಿಷಿನಲ್ಲಿ ‘ಡಾಕ್ಟರ್’ ಎಂಬುದು ಕ್ರಿಯಾಪದವಾದಾಗ, ಲೆಕ್ಕಪತ್ರವನ್ನೋ ಛಾಯಾಚಿತ್ರವನ್ನೋ ಗುಟ್ಟಾಗಿ ತಿದ್ದುವುದು ಎಂಬ ಅರ್ಥ ಬರುತ್ತದೆ. ಜೋಡುಪದದ ಕುಹಕಕ್ಕೆ ಆ ಛಾಯೆಯೂ ಕಾರಣ. ಅದೇ ಆ್ಯಪ್‌ನಲ್ಲಿ ‘ಡಾಕ್ಟರ್’ ಪದದ ಕೆಳಗೆ ಈ ಕ್ರಿಯಾಪದದ ಅರ್ಥ ಸರಿಯಾಗಿಯೇ ಇದೆ ಎಂಬುದು ಕುತೂಹಲದ ಸಂಗತಿ. ಬಿಡಿಪದಗಳ ಅರ್ಥ ಗೊತ್ತಿದ್ದರೂ ನುಡಿಗಟ್ಟಿನ ಅರ್ಥ ಗೊತ್ತಿಲ್ಲದಿರುವುದು ಈ ಬಗೆಯ ಆ್ಯಪ್‌ಗಳಿಗೆಲ್ಲ ಅಂಟಿದ ರೋಗ.

ಇದೇ ಕುಟುಂಬದ ಇನ್ನು ಕೆಲವು ಪದಗಳನ್ನೂ ಹಾಕಿ ನೋಡಿದೆ. ‘ವೈಟ್‌ವಾಶ್’ಗೆ ‘ಸುಣ್ಣ ಬಳಿಯುವುದು, ತಪ್ಪನ್ನು ಮರೆಮಾಚುವುದು’ ಎಂದು ಎರಡೂ ಅರ್ಥಗಳು ಬಂದವು, ಅದಕ್ಕೆ ಪೂರ್ಣ ಅಂಕ. ಅದರಿಂದ ಹುಟ್ಟಿದ, ಪರಿಸರಸ್ನೇಹಿಯೆಂಬ ಸೋಗು ಹಾಕುವುದು ಎಂಬ ಅರ್ಥದ ‘ಗ್ರೀನ್‌ವಾಶ್’ಗೆ ‘ಹಸಿರು ತೊಳೆಯುವಿಕೆ’ ಎಂದು ಬಂತು. 1986ರಲ್ಲಿ ಅಮೆರಿಕದ ಪರಿಸರವಾದಿಯೊಬ್ಬರು, ಪರಿಸರದ ಹೆಸರು ಹೇಳಿ ಟವೆಲ್ಲುಗಳನ್ನು ಮರುಬಳಸಿರೆಂದು ಅತಿಥಿಗಳನ್ನು ಕೋರುವ ಹೋಟೆಲುಗಳ ಬಗ್ಗೆ ಬರೆಯುತ್ತ ಈ ಪದವನ್ನು ಬಳಸಿದರೆಂದು ಗೊತ್ತಿದ್ದವರಿಗೆ, ಇಲ್ಲಿ ತೊಳೆಯುವುದಕ್ಕಿಂತ ಬಳಿಯುವುದೇ ಮುಖ್ಯ ಎಂಬುದು ಹೊಳೆಯುತ್ತದೆ. ‘ವೀಸಲ್ ವರ್ಡ್ಸ್’ಗೆ ‘ಮುಂಗುಸಿಯ ಮಾತುಗಳು’ ಎಂಬ ಉತ್ತರ ಬಂದಾಗ ನಾನು ಫೋನನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ವೀಸಲ್ ಮುಂಗುಸಿಯೂ ಅಲ್ಲ, ನೋಡಲು ಅದನ್ನು ಹೋಲುವ ಬೇರೆಯೇ ಒಂದು ಸಣ್ಣ ಪ್ರಾಣಿ. ಹೊರಗಿನ ಚಿಪ್ಪು ಹಾಗೆಯೇ ಉಳಿಯುವಂತೆ ಮೊಟ್ಟೆಯ ಒಳಗಿನದನ್ನು ಅದು ಹೀರಿಬಿಡುತ್ತದೆ ಎಂಬ ನಂಬಿಕೆಯಿಂದ, ಪಕ್ಕದ ಪದದ ಅರ್ಥವನ್ನು ಹೀರುವ ಪದಗಳಿಗೆ ಆ ಹೆಸರು ಬಂತು. 1916ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಸಾರ್ವತ್ರಿಕ ಎಂದ ಮೇಲೆ ಸ್ವಯಂಪ್ರೇರಿತ ಎಂದರೆ ಸಾರ್ವತ್ರಿಕ ಎಂಬುದರಲ್ಲಿ ಏನೂ ಉಳಿಯುವುದಿಲ್ಲ ಎಂದು ಎದುರಾಳಿಯ ಮಾತನ್ನು ಹೀಗೆಯೇ ಹಿಡಿದು ತೋರಿಸಿದರು. ನಮ್ಮ ಜಾಹೀರಾತುಗಳ ‘ವರೆಗೆ’, ‘ನೆರವಾಗಬಹುದು’ ಎಂಬ ಪದಗಳು ಈ ಜಾತಿಯವು.

ಆ್ಯಪ್‌ನಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಬೇಗ ತೆರೆದುಕೊಳ್ಳುತ್ತದೆ, ಕನ್ನಡದಲ್ಲಿ ಟೈಪಿಸಿ ಇಂಗ್ಲಿಷ್ ಪದವನ್ನು ಹುಡುಕಬಹುದು, ಅಕ್ಷರಗಳು ಸ್ಫುಟವಾಗಿವೆ, ಕಾನೂನು ಮತ್ತು ಆಡಳಿತದ ಪದಗಳ ವಿಭಾಗವನ್ನು ವಿಷಯ ಬಲ್ಲವರು ಸಿದ್ಧಪಡಿಸಿದ್ದಾರೆ ಎಂಬುದು ಓದಿದರೆ ತಿಳಿಯುತ್ತದೆ.

ಆದರೆ ಸ್ಪಿನ್ ಎಂದರೇನು ಎಂಬುದಕ್ಕೆ ಅತ್ಯುತ್ತಮ ಉದಾಹರಣೆಯನ್ನು ಈ ಆ್ಯಪ್ ತನ್ನ ನಮೂದಿನಲ್ಲಿ ಅಲ್ಲ, ತನ್ನ ನಡವಳಿಕೆಯಲ್ಲಿ ಕೊಟ್ಟಿತು. ಮೊದಲು ಇಂಟರ್‌ನೆಟ್ ಇಲ್ಲದಾಗಲೂ ಇದು ಕೆಲಸ ಮಾಡುತ್ತಿತ್ತು, ನಾನು ಚಂದಾ ಕಟ್ಟಿದ್ದಕ್ಕೆ ಅದೇ ಮುಖ್ಯ ಕಾರಣ. ನಡುವೆ ಒಂದು ಅಪ್‌ಡೇಟ್ ಬಂತು. ಅದರ ಟಿಪ್ಪಣಿಯಲ್ಲಿ ‘ನಿಮ್ಮ ಫೋನಿನ ಜಾಗ ಉಳಿಸಲು ಆ್ಯಪನ್ನು ಇನ್ನಷ್ಟು ಹಗುರಗೊಳಿಸಿದ್ದೇವೆ’ ಎಂದಿತ್ತು. ಹಗುರವಾದದ್ದು ನಿಜ. ಇಡೀ ಪದಕೋಶವನ್ನು ಫೋನಿನಿಂದ ತೆಗೆದು ತಮ್ಮ ಸರ್ವರ್‌ಗೆ ಸಾಗಿಸಿದ್ದರಿಂದ ಹಗುರವಾಗಿತ್ತು, ಮತ್ತು ಅಂದಿನಿಂದ ಸಿಗ್ನಲ್ ಇಲ್ಲದ ಕಡೆ ಅದು ಖಾಲಿ ಪರದೆ. ಟಿಪ್ಪಣಿಯಲ್ಲಿ ಒಂದು ಪದವೂ ಸುಳ್ಳಿರಲಿಲ್ಲ. ಹಾಗೆಯೇ ತಮ್ಮಲ್ಲಿ ಬೇರೆಲ್ಲೂ ಇಲ್ಲದಷ್ಟು ನಮೂದುಗಳಿವೆ ಎಂದು ಮುಖಪುಟದಲ್ಲಿ ಹೇಳಿಕೊಂಡಿದ್ದಾರೆ. ‘ಸ್ಪಿನ್’, ‘ಸ್ಪಿನ್ಸ್’, ‘ಸ್ಪನ್’, ‘ಸ್ಪಿನ್ನಿಂಗ್’ ನಾಲ್ಕನ್ನೂ ಬೇರೆ ಬೇರೆಯಾಗಿ ಹುಡುಕಿದೆ. ನಾಲ್ಕೂ ಸ್ವತಂತ್ರ ನಮೂದುಗಳು, ನಾಲ್ಕರಲ್ಲೂ ಅದೇ ಅರ್ಥಗಳ ಅದೇ ಪಟ್ಟಿ. ಹೀಗೆ ಎಣಿಸಿದರೆ ಯಾರ ಕೋಶವಾದರೂ ದೊಡ್ಡದಾಗುತ್ತದೆ.

ಆಫ್‌ಲೈನ್ ಸೌಲಭ್ಯವನ್ನು ಮರಳಿ ಕೊಡುವಿರಾ ಎಂದು ಸಹಾಯ ವಿಭಾಗಕ್ಕೆ ಬರೆದೆ. ‘ಸದಾ ಹೊಸದಾದ ಅರ್ಥಗಳು ನಿಮಗೆ ತಕ್ಷಣ ಸಿಗಲಿ ಎಂಬ ಉದ್ದೇಶದಿಂದ’ ಈ ಬದಲಾವಣೆ ಮಾಡಿರುವುದಾಗಿ ಮರುದಿನವೇ ವಿನಯದ ಉತ್ತರ ಬಂತು. ಕೇಳಿದ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬುದು ಅದರಲ್ಲಿ ಇರಲಿಲ್ಲ. ಅದೇ ಪತ್ರದಲ್ಲಿ ‘ಸ್ಪಿನ್ ಡಾಕ್ಟರ್’ ನಮೂದನ್ನು ತಿದ್ದಲು ಕೋರಿ, ‘ಸಂಗತಿಗಳನ್ನು ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ವಾಲಿಸಿ ಹೇಳುವ ಪ್ರಚಾರ ಸಲಹೆಗಾರ’ ಎಂಬ ವಿವರಣೆಯನ್ನೂ ಕಳಿಸಿದ್ದೆ. ಮೂರು ವಾರಗಳ ನಂತರ ನೋಡಿದಾಗ ತಿರುಗುವ ವೈದ್ಯ ಮಾಯವಾಗಿದ್ದ, ಅವನ ಜಾಗದಲ್ಲಿ ‘ಸುಳ್ಳು ಪ್ರಚಾರಕ’ ಬಂದು ಕುಳಿತಿದ್ದ.

ಕಾನೂನು ಪದಗಳ ವಿಭಾಗದ ಸಲುವಾಗಿ ಚಂದಾವನ್ನು ಇನ್ನೊಂದು ವರ್ಷ ಮುಂದುವರಿಸಿದ್ದೇನೆ, ಈ ಬಾರಿ ಜಾಹೀರಾತು ಬರುವ ಅಗ್ಗದ ಯೋಜನೆಯಲ್ಲಿ. ಪಠ್ಯಪುಸ್ತಕ ಓದುವ ವಿದ್ಯಾರ್ಥಿಗಳಿಗೆ, ಸರ್ಕಾರಿ ಪತ್ರ ಅನುವಾದಿಸುವವರಿಗೆ ಇದನ್ನು ಧಾರಾಳವಾಗಿ ಸೂಚಿಸುತ್ತೇನೆ. ಸುದ್ದಿಮನೆಯಲ್ಲಿ ಕೆಲಸ ಮಾಡುವವರು ನುಡಿಗಟ್ಟು ಕಂಡಲ್ಲೆಲ್ಲ ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು. ಐದರಲ್ಲಿ ಎರಡೂವರೆ ನಕ್ಷತ್ರ ಕೊಡಬೇಕೆಂದಿದ್ದೆ. ಅರ್ಧ ನಕ್ಷತ್ರ ಕೊಡುವ ವ್ಯವಸ್ಥೆ ಅಲ್ಲಿಲ್ಲವಾದ್ದರಿಂದ ಎರಡು ಕೊಟ್ಟಿದ್ದೇನೆ. ‘ಸುಳ್ಳು ಪ್ರಚಾರಕ’ನ ಬಗ್ಗೆ ಎರಡನೆಯ ತಿದ್ದುಪಡಿಯನ್ನೂ ಕಳಿಸಿದ್ದಾಗಿದೆ.