ನವೋದಯವೋ, ಮೊರಾರ್ಜಿಯೋ, ಘಟ್ಟದ ಕೆಳಗಿನ ಕನ್ನಡ ಶಾಲೆಯೋ?

ಐದನೇ ತರಗತಿಯ ಮಕ್ಕಳಿರುವ ಮಲೆನಾಡಿನ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಪ್ರವೇಶ ಪರೀಕ್ಷೆಗಳದೇ ಮಾತು. ನಮ್ಮ ಮಗಳು ಕೇಂದ್ರ ಸರ್ಕಾರದ ನವೋದಯ, ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಸೈನಿಕ ಶಾಲೆ, ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆ, ಎಲ್ಲಕ್ಕೂ ಬರೆದಿದ್ದಳು. ಜೊತೆಗೆ ಬಂಧುಗಳ ಒತ್ತಾಯಕ್ಕೆ ಒಂದು ಖಾಸಗಿ ವಸತಿ ಶಾಲೆಗೂ ಅರ್ಜಿ ಹಾಕಿದ್ದೆವು. ಒಂದಾದರೂ ಸಿಗಲಿ ಎಂದು ಬರೆಸಿದ್ದು, ಎಲ್ಲ ಕಡೆಯೂ ಹೆಸರು ಬಂತು. ಸೀಟು ಸಿಗದವರ ಚಿಂತೆಯ ಮುಂದೆ ಇದು ಚಿಂತೆಯೇ ಅಲ್ಲ ಎಂಬುದು ಗೊತ್ತು. ಆದರೂ ಹತ್ತು ದಾಟಿ ಹನ್ನೊಂದಕ್ಕೆ ಕಾಲಿಡುತ್ತಿರುವ ಹುಡುಗಿಯನ್ನು ಮನೆಯಿಂದ ಕಳುಹಿಸುವಾಗ ಯಾವ ತಾಯಿಗೂ ನಿದ್ದೆ ಬರುವುದಿಲ್ಲ. ಹಾಗಾಗಿ ಒಂದೊಂದು ಶಾಲೆಗೂ ಮಗಳನ್ನು ಕರೆದುಕೊಂಡು ಹೋಗಿ, ವಿದ್ಯಾರ್ಥಿನಿಲಯ ನೋಡಿ, ಆಗುವ ಕಡೆ ಊಟವನ್ನೂ ಮಾಡಿ ಬಂದೆವು.

ಫಲಿತಾಂಶದ ಫ್ಲೆಕ್ಸ್ ಎಲ್ಲ ಶಾಲೆಯ ಗೇಟಿನಲ್ಲೂ ಇರುತ್ತದೆ. ಅದನ್ನು ನೋಡಿ ತೀರ್ಮಾನಿಸಲಾಗದು. ನಮ್ಮ ಮನೆಯಲ್ಲಿ ಕೇಳಿಕೊಂಡ ಪ್ರಶ್ನೆಗಳೇ ಬೇರೆ. ರಾತ್ರಿ ಜ್ವರ ಬಂದರೆ ಬೆಳಗಾಗುವುದರೊಳಗೆ ನಾವು ತಲುಪುತ್ತೇವೆಯೇ? ಆಷಾಢದ ಮಳೆಯಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ? ಹತ್ತನೇ ತರಗತಿ ಮುಗಿದ ಮೇಲೆ ಮತ್ತೆ ಗಂಟುಮೂಟೆ ಕಟ್ಟಬೇಕೇ? ಅವಳ ಕನ್ನಡ ಏನಾಗುತ್ತದೆ?

ಸೈನಿಕ ಶಾಲೆಯ ವಿಷಯ ಬೇಗ ತೀರ್ಮಾನವಾಯಿತು. ರಾಜ್ಯದಲ್ಲಿ ಹಳೆಯದು ವಿಜಯಪುರದ್ದು, 1963ರದು. ಅವಳಿಗೆ ಬಂದದ್ದು ಕುಶಾಲನಗರದ ಬಳಿ ಕೂಡಿಗೆಯಲ್ಲಿ 2007ರಲ್ಲಿ ಶುರುವಾದ ಕೊಡಗಿನ ಶಾಲೆ. ಆರನೇ ತರಗತಿಯ ಪರೀಕ್ಷೆಗೆ 300 ಅಂಕ, ಅದರಲ್ಲಿ 150 ಗಣಿತಕ್ಕೇ. ನಮ್ಮವಳು ಲೆಕ್ಕದ ಹುಡುಗಿ, ಹಾಗಾಗಿ ದಡ ಸೇರಿದಳು. 2021-22ರಿಂದ ಎಲ್ಲ ಸೈನಿಕ ಶಾಲೆಗಳಲ್ಲೂ ಹೆಣ್ಣುಮಕ್ಕಳಿಗೆ ಪ್ರವೇಶವಿರುವುದು ದೊಡ್ಡ ವಿಷಯ, ಮೈದಾನಗಳನ್ನು ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಶುಲ್ಕ ವರ್ಷಕ್ಕೆ ಲಕ್ಷ ದಾಟುತ್ತದೆ. ವಿದ್ಯಾರ್ಥಿವೇತನವಿದ್ದರೂ ಅಡಿಕೆ ಧಾರಣೆ ನಂಬಿ ಏಳು ವರ್ಷದ ಲೆಕ್ಕ ಹಾಕಲು ನಮಗೆ ಧೈರ್ಯ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, "ಅಲ್ಲಿಂದ ಸೈನ್ಯಕ್ಕೇ ಹೋಗಬೇಕೇನಮ್ಮ?" ಎಂದು ಅವಳು ಕೇಳಿದ ದನಿಯಲ್ಲೇ ಉತ್ತರವಿತ್ತು. ಹೋಗಲೇಬೇಕೆಂದೇನಿಲ್ಲ. ಆದರೂ ಬೆಳಗಿನ ಕವಾಯತು, ಓಟ, ಸಮವಸ್ತ್ರ ಎಂದರೆ ಹಿಗ್ಗುವ ಮಗುವಿಗೆ ಅದು ಸಲ್ಲಬೇಕು.

ಖಾಸಗಿ ಶಾಲೆಯ ಹೆಸರು ಬೇಡ. ಕಚೇರಿಯಲ್ಲಿ ಸೋಫಾ, ತರಗತಿಯಲ್ಲಿ ಸ್ಮಾರ್ಟ್ ಬೋರ್ಡ್, ಹಿಂದೆ ಈಜುಕೊಳ. ಬಟ್ಟೆ ಒಣಗಿಸುವ ಜಾಗ ತೋರಿಸಿ ಎಂದು ಕೇಳಿದಾಗ ಅಲ್ಲಿನವರು "ಲಾಂಡ್ರಿ ಇದೆ ಮೇಡಂ" ಎಂದು ಮಾತು ತೇಲಿಸಿದರು. ನಾನು ಬಿಡಲಿಲ್ಲ. ಕಟ್ಟಡದ ಹಿಂಬದಿಯ ಒಂದು ಕೋಣೆಯ ಬಾಗಿಲು ತೆರೆದರು. ಗೋಡೆಯ ಮೇಲೆ ಕಿಟಕಿಯ ಎತ್ತರದವರೆಗೂ ಕಪ್ಪು ಬೂಷ್ಟು. ಹಗ್ಗದ ಮೇಲೆ ಜೋತುಬಿದ್ದಿದ್ದ ಕಾಲುಚೀಲಗಳನ್ನು ಮುಟ್ಟಿದರೆ ಜಿಗಟು, ಅದೂ ಕಡು ಬೇಸಿಗೆಯಲ್ಲಿ. ಪಕ್ಕದ ಸ್ನಾನಗೃಹದಲ್ಲಿ ಸೋರುವ ನಲ್ಲಿಗೆ ಚಿಂದಿ ಬಟ್ಟೆ ಸುತ್ತಿ ಕಟ್ಟಿದ್ದರು. ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸುವ ನಮಗೆ, ಒದ್ದೆ ಬಟ್ಟೆ ತೊಟ್ಟ ಮಗುವಿಗೆ ಎಂಟು ದಿನದಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮುಂಗಡ ಕಟ್ಟಿದ ಹಣ ಯಾವ ಕಾರಣಕ್ಕೂ ವಾಪಸಿಲ್ಲ ಎಂಬ ಕಾಗದವನ್ನು ಮುಂದಿಟ್ಟಾಗ ಎದ್ದು ಬಂದೆವು. ಶಾಲೆ ನೋಡಲು ಹೋಗುವವರು ದಯವಿಟ್ಟು ಪ್ರಯೋಗಾಲಯಕ್ಕಿಂತ ಮೊದಲು ಬಚ್ಚಲು ನೋಡಿ.

ಉಳಿದ ಮೂರೂ ನಮಗೆ ದುಡ್ಡಿನ ಹೊರೆಯಿಲ್ಲದ ಶಾಲೆಗಳು. ಕಷ್ಟ ಶುರುವಾದದ್ದು ಇಲ್ಲಿಂದ.

ನನ್ನ ಗಂಡನ ಮನಸ್ಸು ಮೂಡುಬಿದಿರೆಯ ಕಡೆಗಿತ್ತು. ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ಆರರಿಂದ ಹತ್ತರವರೆಗೆ ಕನ್ನಡದಲ್ಲೇ, ಉಚಿತವಾಗಿ ಕಲಿಸುವ ಶಾಲೆ ಅದು. ಊರೂರಿನಲ್ಲಿ ಕನ್ನಡ ಶಾಲೆಗಳು ಬಾಗಿಲು ಹಾಕುತ್ತಿರುವಾಗ, ಕನ್ನಡ ಮಾಧ್ಯಮದ ಸೀಟಿಗೆ ಮಕ್ಕಳು ಪೈಪೋಟಿಯ ಮೇಲೆ ಪರೀಕ್ಷೆ ಬರೆಯುವುದನ್ನು ಕಂಡು ಅವರಿಗೆ ಮಾತೇ ಹೊರಡಲಿಲ್ಲ. ವಿಜ್ಞಾನವನ್ನು ತನ್ನ ಭಾಷೆಯಲ್ಲಿ ಅರಗಿಸಿಕೊಂಡ ಮಗು ಮುಂದೆ ಯಾವ ಭಾಷೆಯಲ್ಲಾದರೂ ಓದುತ್ತದೆ ಎನ್ನುವುದು ಅವರ ವಾದ, ನನ್ನದೂ ಹೌದು. ಕಲೆ, ಆಟ, ಪಾಠ ಮೂರೂ ಒಂದೇ ಆವರಣದಲ್ಲಿ ಸಿಗುತ್ತವೆ. ಓದಿನ ವಿಷಯ ಮಾತ್ರ ನೋಡುವುದಾದರೆ ನನ್ನ ಮೊದಲ ಅಂಕ ಈ ಶಾಲೆಗೇ.

ತಡೆದದ್ದು ಘಟ್ಟ. ತೀರ್ಥಹಳ್ಳಿ ಕಡೆಯಿಂದ ಆಗುಂಬೆ ಇಳಿದು, ಹೆಬ್ರಿ, ಕಾರ್ಕಳ ದಾಟಿ ಮೂಡುಬಿದಿರೆ. ಬೇಸಿಗೆಯಲ್ಲಿ ಸುಖದ ಪ್ರಯಾಣ. ಜೂನ್ ಕಳೆದ ಮೇಲೆ ಆ ತಿರುವುಗಳಲ್ಲಿ ಮರ ಬೀಳುವುದು, ಧರೆ ಜರಿಯುವುದು ಮಾಮೂಲು. ಆಗುಂಬೆ ಮುಚ್ಚಿದರೆ ಶೃಂಗೇರಿಯ ಮೇಲೆ ಹೋಗಿ ಕೆರೆಕಟ್ಟೆ, ಮಾಳದ ಕಡೆಯಿಂದ ಇಳಿಯಬೇಕು, ಅಲ್ಲಿಯೂ ಮಳೆ ಅದೇ ಮಳೆ. ನಡುರಾತ್ರಿ ಫೋನು ಬಂದರೆ ಹೊರಡಬಹುದು, ತಲುಪುವ ಮಾತು ಕೊಡಲಾಗುವುದಿಲ್ಲ. ಮಗಳು ಎಂಟನೇ ತರಗತಿಯವಳಾಗಿದ್ದರೆ ಕಣ್ಣುಮುಚ್ಚಿ ಕಳುಹಿಸುತ್ತಿದ್ದೆ. ಆರನೇ ತರಗತಿಗೆ ಮನಸ್ಸು ಒಪ್ಪಲಿಲ್ಲ. ಕಾರ್ಕಳ, ಹೆಬ್ರಿ ಕಡೆಯ ಮನೆಗಳಿಗೆ ಈ ಅಡ್ಡಿಯೇ ಇಲ್ಲ, ಅವರು ಬೇರೆ ಯೋಚಿಸಬೇಕಾಗಿಲ್ಲ.

ಮೊರಾರ್ಜಿ ದೇಸಾಯಿ ಶಾಲೆಯ ಬಗ್ಗೆ ನಮ್ಮ ಕಡೆ ಒಂದು ತಾತ್ಸಾರವಿದೆ, ಅದು ಸಲ್ಲದು. ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಈ ಶಾಲೆಗಳಲ್ಲಿ ತರಗತಿಗೆ 50 ಮಕ್ಕಳು, ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಊಟ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದು. ಕೆಲವು ಶಾಲೆಗಳಿಗೆ ಇಂದಿಗೂ ಸ್ವಂತ ಕಟ್ಟಡವಿಲ್ಲ ಎನ್ನುವುದು ನಿಜ. ನಮಗೆ ಹಂಚಿಕೆಯಾದದ್ದು ಮನೆಗೆ ಎಲ್ಲಕ್ಕಿಂತ ಹತ್ತಿರ. ಅಲ್ಲಿನ ನಿಲಯ ಪಾಲಕಿ ನಮ್ಮನ್ನು ಕೂರಿಸಿಕೊಂಡು ಒಂದು ಉದ್ದನೆಯ ನೋಟ್‌ಬುಕ್ ತೆಗೆದು ತೋರಿಸಿದರು. ಪುಟದ ಎಡಕ್ಕೆ ಮಗುವಿನ ಹೆಸರು, ಆಮೇಲೆ ಜ್ವರ ಬಂದ ದಿನ, ಎಷ್ಟಿತ್ತು, ಯಾವ ಮಾತ್ರೆ, ಮನೆಗೆ ಫೋನು ಮಾಡಿದ ಹೊತ್ತು, ಎತ್ತಿಕೊಂಡವರು ಯಾರು. ಒಂದು ಕಡೆ "ಅಜ್ಜಿ ಜೊತೆ ಮಾತಾಡಿ ಸಮಾಧಾನ" ಎಂದು ಬರೆದಿತ್ತು. ಸರ್ಕಾರ ಹೀಗೆ ಬರೆಯಿರಿ ಎಂದು ಕೊಟ್ಟ ನಮೂನೆಯಲ್ಲ ಅದು, ಸ್ಕೇಲಿನಲ್ಲಿ ಅವರೇ ಗೆರೆ ಎಳೆದುಕೊಂಡದ್ದು. ನಾನು ಕಂಡ ಯಾವ ಶಾಲೆಯಲ್ಲೂ ಇದಕ್ಕೆ ಸಾಟಿಯಿಲ್ಲ. ಆ ದಿನ ಮನೆಗೆ ಬಂದು ಅತ್ತೆಯ ಹತ್ತಿರ, "ಮೊರಾರ್ಜಿಗೇ ಹಾಕೋಣ" ಎಂದೆ.

ಅತ್ತೆ ಕೇಳಿದ್ದು ಒಂದೇ ಮಾತು. "ಆ ಅಮ್ಮನಿಗೆ ವರ್ಗ ಆದರೆ ಏನು ಮಾಡುತ್ತೀಯೆ ಮಾರಾಯ್ತಿ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಜೊತೆಗೆ ಬಹುತೇಕ ಮೊರಾರ್ಜಿ ಶಾಲೆಗಳಿರುವುದು ಹತ್ತನೇ ತರಗತಿವರೆಗೆ, ಪಿಯು ಇರುವುದು ಕೆಲವೆಡೆ ಮಾತ್ರ. ಹದಿನಾರನೇ ವಯಸ್ಸಿನಲ್ಲಿ ಮತ್ತೆ ಹೊಸ ಊರು, ಹೊಸ ಹಾಸ್ಟೆಲು, ಅದೂ ಪಿಯು ಎಂಬ ಒತ್ತಡದ ಎರಡು ವರ್ಷಕ್ಕೆ.

ಹೀಗೆ ಮಾತು ಗಾಜನೂರಿಗೆ ಬಂತು. ಜಿಲ್ಲೆಯ ನವೋದಯ ವಿದ್ಯಾಲಯ ಇರುವುದು ತುಂಗೆಯ ಅಣೆಕಟ್ಟಿನ ಊರಿನಲ್ಲಿ, ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯಲ್ಲೇ. ಮಂಡಗದ್ದೆ ಕಡೆಯ ನಮಗೆ ಯಾವ ಬಸ್ಸು ಹತ್ತಿದರೂ ಆಯಿತು, ಘಟ್ಟವಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ದೂರವಿಲ್ಲ. ಆಗುಂಬೆ, ಹೊಸನಗರದಂತೆ ಮಳೆ ಹೊಡೆಯುವ ಜಾಗವೂ ಅಲ್ಲ. ಬಟ್ಟೆಯ ವಿಚಾರವನ್ನು ಅಲ್ಲಿ ಓದಿದ ನಮ್ಮೂರಿನ ಹುಡುಗಿಯೊಬ್ಬಳನ್ನು ಕೇಳಿದೆ. "ಕಾಲುಚೀಲ ಆರು ಜೊತೆ ಕೊಡಿ ಆಂಟಿ, ಟವೆಲ್ ತೆಳ್ಳಗಿರಲಿ, ಬೇಗ ಒಣಗುತ್ತದೆ" ಎಂದಳು. ಪ್ರಾಸ್ಪೆಕ್ಟಸ್‌ನಲ್ಲಿ ಇಂಥದ್ದು ಸಿಗುವುದಿಲ್ಲ.

ಈ ಸೀಟಿನ ಬೆಲೆ ಅದರ ನಿಯಮದಲ್ಲಿಯೂ ಇದೆ. ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು, ಕನಿಷ್ಠ ಶೇಕಡಾ 75 ಗ್ರಾಮೀಣರಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಆರನೇ ತರಗತಿಯ ಪರೀಕ್ಷೆ ಬರೆಯಲು ಒಂದು ಮಗುವಿಗೆ ಒಂದೇ ಅವಕಾಶ. ಸೇರಿದರೆ ಸಿಬಿಎಸ್‌ಇ ಪಠ್ಯಕ್ರಮದಲ್ಲಿ ಹನ್ನೆರಡನೇ ತರಗತಿವರೆಗೆ ಅದೇ ಆವರಣ. ಒಂಬತ್ತರಿಂದ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಎಂಬ ಶುಲ್ಕ ಇದ್ದರೂ ಹೆಣ್ಣುಮಕ್ಕಳಿಗೆ ಅದರಿಂದ ವಿನಾಯಿತಿ.

ಕೊರತೆಗಳಿಲ್ಲ ಎಂದು ಹೇಳಲಾರೆ. ಮೇಲಿನ ತರಗತಿಗಳಲ್ಲಿ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಸಮಾಜ ವಿಜ್ಞಾನ ಹಿಂದಿಯಲ್ಲಿ ಎನ್ನುವುದು ನವೋದಯದ ಪದ್ಧತಿ. ನಮ್ಮ ಮಗು ತನ್ನ ನಾಡಿನ ಚರಿತ್ರೆಯನ್ನೂ ಹಿಂದಿಯಲ್ಲೇ ಓದುವುದೇ ಎಂಬ ಕಸಿವಿಸಿ ನನಗೆ ಈಗಲೂ ಇದೆ. ಕನ್ನಡ ಒಂದು ಭಾಷೆಯಾಗಿ ಉಳಿಯುತ್ತದೆ, ಮಾಧ್ಯಮವಾಗಿ ಅಲ್ಲ. ಅದಕ್ಕಾಗಿ ರಜೆಯಲ್ಲಿ ಮನೆಯ ಕಪಾಟಿನ ಪುಸ್ತಕಗಳನ್ನು ಅವಳ ಕೈಗೆ ಕೊಡುವ ಹೊಣೆ ನಮ್ಮದು, ಅವಳಪ್ಪ ಈಗಲೇ ಪಟ್ಟಿ ಮಾಡಿದ್ದಾರೆ. ಇನ್ನೊಂದು, ಒಂಬತ್ತನೇ ತರಗತಿಯಲ್ಲಿ ಶೇಕಡಾ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶದ ನವೋದಯಕ್ಕೆ ಕಳುಹಿಸುತ್ತಾರೆ, ಅಲ್ಲಿಯ ಮಕ್ಕಳು ಇಲ್ಲಿಗೆ ಬರುತ್ತಾರೆ. ಅತ್ತೆಗೆ ಇದನ್ನು ಕೇಳಿಯೇ ಎದೆ ಝಲ್ಲೆಂದಿತು. ನನಗೆ ಅಷ್ಟು ಭಯವಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಬೇರೊಂದು ಸೀಮೆಯ ಚಳಿ, ರೊಟ್ಟಿ, ಮಾತು ತಿಳಿಯುವುದು ಕಳೆದುಕೊಳ್ಳುವ ವರ್ಷವಲ್ಲ.

ಕೊನೆಗೆ ಅವಳನ್ನೇ ಕೇಳಿದೆವು. "ಬಸ್ಸಿನಿಂದ ನನ್ನ ಶಾಲೆ ಹತ್ತಿರ ಎಂದು ನಿಮಗೆ ಗೊತ್ತಾಗುತ್ತದಲ್ಲ, ಅದೇ ಇರಲಿ" ಎಂದಳು. ಗಾಜನೂರೇ ಗಟ್ಟಿಯಾಯಿತು.

ಹಲವು ಸೀಟು ಕೈಯಲ್ಲಿರುವವರಿಗೆ ಒಂದು ಕೋರಿಕೆ. ತೀರ್ಮಾನವಾದ ದಿನವೇ ಉಳಿದ ಶಾಲೆಗಳಿಗೆ ಬರೆದು ತಿಳಿಸಿ. ನವೋದಯದಲ್ಲಿ ಕಾಯುವ ಪಟ್ಟಿ ಇರುತ್ತದೆ, ಮೊರಾರ್ಜಿಯಲ್ಲಿ ಮುಂದಿನ ಸುತ್ತಿನ ಹಂಚಿಕೆ ಇರುತ್ತದೆ. ನಾವು ಸುಮ್ಮನೆ ಹಿಡಿದಿಟ್ಟುಕೊಂಡ ಒಂದೊಂದು ವಾರವೂ ಯಾವುದೋ ಮನೆಯ ಮಗುವಿನದು. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರವನ್ನೂ ತೀರ್ಮಾನ ಆಗುವವರೆಗೆ ತರಬೇಡಿ. ಮೂಲ ಪ್ರತಿ ಸಿಗುವುದು ಒಂದೇ, ಒಮ್ಮೆ ಒಂದು ಶಾಲೆಯ ಕಡತ ಸೇರಿದರೆ ವಾಪಸು ಪಡೆಯಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.