ರಾಯಚೂರಿನ ಒಂದು ಗಾಯ ಚಿಕಿತ್ಸಾಲಯ: ಕೆಂಪು ಬೆಳಕು ಮತ್ತು ಕಟ್ಟು

ಹದಿನೈದು ವರ್ಷಗಳ ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶವನ್ನೇ ಕಳೆದುಕೊಂಡಿದ್ದ ನಮ್ಮ ತಂದೆಯವರಿಗೆ, ಮಾನ್ವಿ ಕಡೆಯ ನಮ್ಮ ಭತ್ತದ ಗದ್ದೆಯಲ್ಲಿ ಕೂಳೆ ಚುಚ್ಚಿದ್ದು ತಿಳಿಯಲೇ ಇಲ್ಲ. ರಸಿಗೆ ಸೋರಿ ಚಪ್ಪಲಿ ಒದ್ದೆಯಾದಾಗಲೇ ಗಾಯ ಕಣ್ಣಿಗೆ ಬಿದ್ದಿತು. ಎರಡು ತಿಂಗಳಾದರೂ ಮಾಯದ ಆ ಗಾಯವನ್ನು ರಾಯಚೂರಿನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಬೆಳಕು ಮತ್ತು ಡ್ರೆಸ್ಸಿಂಗ್ ಎರಡನ್ನೂ ಸೇರಿಸಿ ನೋಡಿಕೊಂಡ ಬಗೆಯ ವಿಮರ್ಶೆ ಇದು.

ವಾರಕ್ಕೆ ಎರಡು ಸಲ ಹೋಗಬೇಕಿತ್ತು. ಕಟ್ಟಿನಲ್ಲಿರುವ ದಪ್ಪನೆಯ ಫೋಮ್ (ರಸಿಗೆ ಹೀರುವ ಸ್ಪಂಜಿನಂಥ ಪಟ್ಟಿ) ಬೆಳಕನ್ನು ತಡೆಯುತ್ತದೆಯಾದ್ದರಿಂದ ಮೊದಲು ಹಳೆಯ ಕಟ್ಟನ್ನು ಬಿಚ್ಚಿ, ಸಲೈನಿನಿಂದ ತೊಳೆದು, ಸತ್ತ ಚರ್ಮವನ್ನು ಕತ್ತರಿಸಿ, ಅಳತೆ ಬರೆದುಕೊಂಡ ಮೇಲೆಯೇ, ರೋಗಿಗೂ ಸಿಸ್ಟರಿಗೂ ಕನ್ನಡಕ ಹಾಕಿಸಿ, ಕೆಲವು ನಿಮಿಷ ಕೆಂಪು ಬೆಳಕನ್ನು ಹಾಯಿಸುತ್ತಿದ್ದರು. "ಬಿಸಿನ ಹತ್ತವಲ್ದು, ಗಾಯ ಹ್ಯಾಂಗ ಒಣಗತೈತಿ ಸಿಸ್ಟರಮ್ಮ?" ಎಂಬುದು ತಂದೆಯವರ ಸಂಶಯ. ಈ ಬೆಳಕಿನ ಕೆಲಸ ಸುಡುವುದಲ್ಲ. ಸುಮಾರು 630ರಿಂದ 660 ನ್ಯಾನೊಮೀಟರಿನ ಕೆಂಪು ಕಿರಣವನ್ನು ಜೀವಕೋಶದ ಮೈಟೊಕಾಂಡ್ರಿಯ ಹೀರಿಕೊಂಡು ಶಕ್ತಿಯ ಉತ್ಪಾದನೆಯನ್ನು ಚುರುಕುಗೊಳಿಸುತ್ತದೆ ಎಂಬುದು ಇದರ ಹಿಂದಿನ ವಿವರಣೆ. 1960ರ ದಶಕದಲ್ಲಿ ಹಂಗೆರಿಯ ವೈದ್ಯ ಎಂಡ್ರೆ ಮೆಸ್ಟರ್ ಬೋಳಿಸಿದ ಇಲಿಗಳ ಮೇಲೆ ಮಂದ ಲೇಸರ್ ಹಾಯಿಸಿದಾಗ ಕೂದಲು ಬೇಗ ಬೆಳೆದದ್ದನ್ನು ಕಂಡದ್ದೇ ಈ ವಿದ್ಯೆಯ ಆರಂಭ. ಪ್ರಮಾಣ ಮೀರಿದರೆ ಪರಿಣಾಮ ತಿರುಗಿಬೀಳಬಹುದಾದ್ದರಿಂದ, "ಇನ್ನೂ ಐದು ನಿಮಿಷ ಇಡಿರಿ" ಎಂಬ ನನ್ನ ಆಗ್ರಹವನ್ನು ಸಿಸ್ಟರ್ ನಿರಾಕರಿಸಿದ್ದು ಸರಿಯೇ.

ಗಾಯ ಒಣಗಬೇಕೆಂಬ ನಮ್ಮ ನಂಬಿಕೆಯೂ ಅಲ್ಲಿಯೇ ಮುರಿಯಿತು. ಹದವಾದ ತೇವದಲ್ಲಿ ಹೊಸ ಚರ್ಮ ಬೇಗ ಹಬ್ಬುವುದನ್ನು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲೆ ತೋರಿಸಿದ್ದರು. ರಸಿಗೆ ಹೆಚ್ಚಿದ್ದಾಗ ಕಡಲ ಪಾಚಿಯಿಂದ ಮಾಡಿದ ಆಲ್ಜಿನೇಟ್ ಪಟ್ಟಿ, ಕಡಿಮೆಯಾದ ಮೇಲೆ ಫೋಮ್ ಎಂದು ಗಾಯದ ಸ್ಥಿತಿ ನೋಡಿ ಕಟ್ಟನ್ನು ಬದಲಿಸಿದ ಆ ಸಿಸ್ಟರಿನ ಕೈಗುಣವೇ ಈ ಸೇವೆಯ ಜೀವಾಳವೆಂದು ನನ್ನ ಅಭಿಪ್ರಾಯ. ಏಪ್ರಿಲಿನ ಬಿಸಿಲಿನಲ್ಲಿ ಬೆವರಿಗೆ ಅಂಚು ಬಿಟ್ಟುಕೊಂಡಾಗಲೂ ಅವರು ಬೇಸರಿಸದೆ ಮತ್ತೆ ಕಟ್ಟಿಕೊಟ್ಟರು.

ನಾಲ್ಕನೆಯ ವಾರಕ್ಕೆ ಗಾಯ ಅರ್ಧಕ್ಕಿಂತ ಕಿರಿದಾಗಿ, ಹತ್ತನೆಯ ವಾರ ಮುಚ್ಚಿತು. ಆದರೆ ಅದೇ ಅವಧಿಯಲ್ಲಿ ಇನ್ಸುಲಿನ್ ಸರಿಹೊಂದಿತ್ತು, ಗಾಯದ ಮೇಲಿನ ಭಾರ ತಪ್ಪಿಸುವ, ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿಯೂ ಬಂದಿತ್ತು, ಹೀಗಿರುವಾಗ ಯಶಸ್ಸನ್ನೆಲ್ಲ ಬೆಳಕಿನ ಲೆಕ್ಕಕ್ಕೆ ಬರೆಯುವ ಅವರ ಕರಪತ್ರವನ್ನು ನಾನು ಒಪ್ಪಲಾರೆ. ಆ ಚಪ್ಪಲಿಯ ಮಾತು ಮೂರನೆಯ ವಾರ ಬಂದದ್ದು ದೊಡ್ಡ ಲೋಪ; ಮೊದಲ ದಿನವೇ ಹೇಳಬೇಕಿತ್ತು. ಬೆಳಕಿನ ಹಣವನ್ನು ಮುಂಗಡವಾಗಿಯೇ ಪಡೆಯುವುದೂ ಸರಿಕಾಣಲಿಲ್ಲ.

ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಆ ಕಾಲನ್ನು ಊರಲೇಬಾರದೆಂದು ಹೇಳುವ ವೈದ್ಯರನ್ನು ಕಾಣಲು ಇಪ್ಪತ್ತೆರಡು ಮೆಟ್ಟಿಲುಗಳನ್ನು ಅದೇ ಕಾಲೂರಿ ಹತ್ತಬೇಕು.