ನೆಕ್ಸ್‌ಕಾರ್19: ಔಷಧದ ಬೆಲೆ ಒಂದು, ಆಸ್ಪತ್ರೆಯ ಬಿಲ್ಲು ಇನ್ನೊಂದು

ಮುಂಬೈ ಐಐಟಿಯ ಪ್ರಯೋಗಾಲಯದಲ್ಲಿ ರೂಪುಗೊಂಡು, ಟಾಟಾ ಮೆಮೋರಿಯಲ್ ಆಸ್ಪತ್ರೆಯ ರೋಗಿಗಳಲ್ಲಿ ಪರೀಕ್ಷೆಗೊಳಪಟ್ಟು, ಇಮ್ಯುನೋಆಕ್ಟ್ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂದಿರುವ ನೆಕ್ಸ್‌ಕಾರ್19 ನಮ್ಮ ದೇಶದಲ್ಲೇ ಅಭಿವೃದ್ಧಿಗೊಂಡ ಮೊದಲ ಕಾರ್-ಟಿ ಚಿಕಿತ್ಸೆ, ಅಂದರೆ ರೋಗಿಯ ರಕ್ತದಲ್ಲಿನ ರೋಗನಿರೋಧಕ ಟಿ-ಕೋಶಗಳನ್ನೇ ಮಾರ್ಪಡಿಸಿ ಕ್ಯಾನ್ಸರ್ ವಿರುದ್ಧ ಬಿಡುವ ಚಿಕಿತ್ಸೆ. 2023ರ ಅಕ್ಟೋಬರ್‌ನಲ್ಲಿ ಇದಕ್ಕೆ ಅನುಮತಿ ದೊರೆಯಿತು. 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಇದನ್ನು ಲೋಕಾರ್ಪಣೆ ಮಾಡಿದರು. ಆದರೆ ಇದು ಎಲ್ಲ ಕ್ಯಾನ್ಸರ್‌ಗೂ ಮದ್ದಲ್ಲ. ಬಿ-ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಲಿಂಫೋಮಾ ಅಥವಾ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇರುವ, ಹಿಂದಿನ ಚಿಕಿತ್ಸೆಗೆ ಬಗ್ಗದ ಅಥವಾ ರೋಗ ಮರುಕಳಿಸಿದ, 15 ವರ್ಷ ತುಂಬಿದ ರೋಗಿಗಳಿಗಷ್ಟೇ ಇದು ಅನ್ವಯಿಸುತ್ತದೆ. ಸ್ತನ, ಶ್ವಾಸಕೋಶ, ಜಠರದ ಗಡ್ಡೆಗಳು ಹರಡುವುದನ್ನು ಇದು ತಡೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು.

ಚಿಕಿತ್ಸೆಯ ಕಚ್ಚಾವಸ್ತು ರೋಗಿಯದೇ ರಕ್ತ. ಒಂದು ತೋಳಿನಿಂದ ಹೊರಟ ರಕ್ತವು ಅಫೆರೆಸಿಸ್ ಯಂತ್ರದೊಳಗೆ ಗಿರ್ರನೆ ತಿರುಗಿ, ಬಿಳಿ ರಕ್ತಕಣಗಳನ್ನು ಒಂದು ಚೀಲಕ್ಕೆ ಬಿಟ್ಟುಕೊಟ್ಟು, ಇನ್ನೊಂದು ತೋಳಿಗೆ ಮರಳುತ್ತದೆ. ಹಲವು ಗಂಟೆ ಕೈ ಅಲುಗಿಸದೆ ಮಲಗಿರಬೇಕು. ನಡುವೆ ತುಟಿಯ ಸುತ್ತ ಜುಮ್ಮೆನ್ನುವುದುಂಟು, ಕ್ಯಾಲ್ಸಿಯಂ ಕೊಟ್ಟರೆ ಅದು ಇಳಿಯುತ್ತದೆ. ಹೀಗೆ ಸಂಗ್ರಹಿಸಿದ ಕಣಗಳಲ್ಲಿನ ಟಿ-ಕೋಶಗಳಿಗೆ, ಅಪಾಯ ಕಳೆದ ವೈರಸ್ಸೊಂದರ ಮೂಲಕ ಹೊಸ ಜೀನ್ ಸೇರಿಸಿ, ಬಿ-ಕೋಶಗಳ ಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿದು ಆ ಕೋಶಗಳನ್ನು ಹುಡುಕಿ ಕೊಲ್ಲುವಂತೆ ಮಾಡಲಾಗುತ್ತದೆ. ರೋಗಿಗೆ ಕೆಲವು ದಿನ ಕೀಮೋ ಕೊಟ್ಟು ಮೈಯಲ್ಲಿ ಜಾಗ ತೆರವು ಮಾಡಿದ ನಂತರ ಅವುಗಳನ್ನು ರಕ್ತನಾಳಕ್ಕೆ ಹರಿಸುತ್ತಾರೆ. ಇಷ್ಟೆಲ್ಲ ಸಿದ್ಧತೆಯ ನಂತರ ಮೈ ಸೇರುವುದು ಸಣ್ಣ ಚೀಲದಷ್ಟು ದ್ರವ ಮಾತ್ರ.

ಫಲಿತಾಂಶ ಹೇಗಿದೆ? 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿಯಲ್ಲಿ ಪ್ರಕಟವಾದ ವರದಿಯ ಪ್ರಕಾರ, ಪರಿಣಾಮವನ್ನು ಅಳೆಯಲು ಸಾಧ್ಯವಾದ 51 ರೋಗಿಗಳಲ್ಲಿ 37 ಮಂದಿಗೆ, ಅಂದರೆ ಶೇ 73ರಷ್ಟು ಜನರಿಗೆ, ರೋಗ ಪೂರ್ಣವಾಗಿ ಅಥವಾ ಭಾಗಶಃ ಹಿಮ್ಮೆಟ್ಟಿತು. ಬೇರೆ ದಾರಿಗಳು ಬಹುತೇಕ ಮುಚ್ಚಿದ್ದವರ ಗುಂಪಿದು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಆದರೆ ಹಿಮ್ಮೆಟ್ಟಿದ ರೋಗ ಎಲ್ಲರಲ್ಲೂ ದೂರವೇ ಉಳಿಯುವುದಿಲ್ಲ. ಅದೇ ವರದಿಯಲ್ಲಿ ಶೇ 96ರಷ್ಟು ರೋಗಿಗಳಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಕಣಗಳು ತೀವ್ರವಾಗಿ ಕುಸಿದದ್ದೂ, ಚಿಕಿತ್ಸೆಯಿಂದಾಗಿಯೇ ಇಬ್ಬರು ಸಾವಿಗೀಡಾದದ್ದೂ ದಾಖಲಾಗಿದೆ. ಪತ್ರಿಕೆಗಳ ಸಂಭ್ರಮದ ಸುದ್ದಿಗಳಲ್ಲಿ ಈ ಎರಡನೆಯ ಅರ್ಧಕ್ಕೆ ಹೆಚ್ಚು ಜಾಗ ಸಿಗಲಿಲ್ಲ.

ಬೆಲೆಯ ವಿಷಯದಲ್ಲಿ ಇದರ ಸಾಧನೆ ನಿಜಕ್ಕೂ ದೊಡ್ಡದು. ಅಮೆರಿಕದಲ್ಲಿ 2017ರಲ್ಲಿ ಬಂದ ಕಿಮ್ರಾಯಾ ಎಂಬ ಕಾರ್-ಟಿ ಚಿಕಿತ್ಸೆಯ ಘೋಷಿತ ಬೆಲೆ 4,75,000 ಡಾಲರ್ ಆಗಿತ್ತು; ನೆಕ್ಸ್‌ಕಾರ್19 ಸುಮಾರು 30ರಿಂದ 40 ಲಕ್ಷ ರೂಪಾಯಿಗೆ ಬಂತು. ಆದರೂ ಮಧ್ಯಮ ವರ್ಗದ ಮನೆಯೊಂದಕ್ಕೆ ಇದು ಸೈಟು ಮಾರುವ ಮೊತ್ತವೇ. ಇದರ ಮೇಲೆ ಆಸ್ಪತ್ರೆ ವಾಸ, ಉರಿಯೂತ ಹೆಚ್ಚಿಸುವ ಸೈಟೊಕೈನ್ ರಾಸಾಯನಿಕಗಳು ಉಕ್ಕಿ ಜ್ವರವೇರಿದರೆ ಅದನ್ನು ತಗ್ಗಿಸುವ ಟೊಸಿಲಿಜುಮಾಬ್ ಔಷಧ, ಅಗತ್ಯ ಬಿದ್ದರೆ ಐಸಿಯು, ಒಳ್ಳೆಯ ಬಿ-ಕೋಶಗಳೂ ನಾಶವಾಗುವುದರಿಂದ ಕೆಲವರಿಗೆ ತಿಂಗಳುಗಟ್ಟಲೆ ಸೋಂಕು ತಡೆಯುವ ಇಮ್ಯುನೊಗ್ಲಾಬ್ಯುಲಿನ್, ಹೀಗೆ ಖರ್ಚು ಬೆಳೆಯುತ್ತದೆ.

ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯು ಬಾರ್ಸಿಲೋನಾದ ಆಸ್ಪತ್ರೆಯೊಂದರ ತಂತ್ರಜ್ಞಾನದಿಂದ ರೂಪಿಸಿದ ಕಾರ್ಟೆಮಿ ಎಂಬ ಇನ್ನೊಂದು ಕಾರ್-ಟಿ ಚಿಕಿತ್ಸೆ 2025ರ ಜನವರಿಯಲ್ಲಿ ಬಂದಿರುವುದರಿಂದ, ಲಿಂಫೋಮಾ ರೋಗಿಗಳು ಎರಡನ್ನೂ ವಿಚಾರಿಸಬಹುದು.

ಅರ್ಹ ರೋಗಿಗೆ ದೇಹಬಲವಿದ್ದು, ರಕ್ತರೋಗ ತಜ್ಞರು ಸಲಹೆ ನೀಡಿದ್ದರೆ, ನೆಕ್ಸ್‌ಕಾರ್19 ಗಂಭೀರವಾಗಿ ಪರಿಗಣಿಸಲೇಬೇಕಾದ ಚಿಕಿತ್ಸೆ ಎಂಬುದು ನನ್ನ ಅಭಿಪ್ರಾಯ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಒಟ್ಟು ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯಿರಿ. ಆ ಆಸ್ಪತ್ರೆ ಈವರೆಗೆ ಎಷ್ಟು ಜನರಿಗೆ ಕಾರ್-ಟಿ ಕೊಟ್ಟಿದೆ, ಕೋಶ ತಯಾರಿಕೆ ವಿಫಲವಾದರೆ ಹಣದ ಗತಿಯೇನು, ವಿಮಾ ಕಂಪನಿ ಎಷ್ಟು ಭರಿಸುತ್ತದೆ ಎಂಬುದನ್ನೂ ಕೇಳಿಕೊಳ್ಳಿ.